ಕೊಸರಾಗಿ ಬಂದ ನಾಯಿಮರಿ

ಮಹಾಂತಮ್ಮನನ್ನು ಹತ್ತಿಯ ಲೆಕ್ಕದಲ್ಲಿ ಹೇಳುವುದಾದರೆ ಎಳೆ ಸ್ವಲ್ಪ ಗಿಡ್ಡ, ಕಸುವು ಜಾಸ್ತಿ, ಕಸಕಡ್ಡಿ ಇಲ್ಲವೇ ಇಲ್ಲ. ಎಳೆದು ನೋಡಿದರೆ ಹರಿಯುವ ಮಾಲಲ್ಲ. ಎಳೆದವನ ಬೆರಳೇ ನೋಯಬೇಕು. ಆದವಾನಿಯ ಹತ್ತಿ ವ್ಯಾಪಾರಿ ಏಕಾಂತಪ್ಪ ಹೆಣ್ಣು ನೋಡಲು ಗೋನೆಗಂಡ್ಲಕ್ಕೆ ಹೋದ ದಿನವೇ ಇಷ್ಟನ್ನೂ ಒಂದೇ ನೋಟದಲ್ಲಿ ಕಂಡುಕೊಂಡಿದ್ದ. ಅವನ ಕಣ್ಣಿಗೆ ಬೀಳದೆ ಹೋದದ್ದು ಒಂದೇ: ಅವನು ದರ ಕಟ್ಟುತ್ತ ಕುಳಿತಿದ್ದಾಗ ಆ ಹುಡುಗಿಯೂ ಬಾಗಿಲ ಸಂದಿಯಿಂದ ಅವನಿಗೆ ದರ ಕಟ್ಟಿ, ಒಳಗೆ ಹೋಗಿ ತಾಯಿಗೆ, "ಇರ್ಲಿ ಬಿಡಬೇ, ತಿದ್ದಿದ್ರ ನಡೀತಾನ" ಎಂದಿದ್ದಳು.

ತಿದ್ದುವ ಕೆಲಸ ಮುಗಿದಿರಲಿಲ್ಲ. ಅಷ್ಟರಲ್ಲಿ ಮನೆಗೆ ನಾಯಿಮರಿ ಬಂತು.

ಇದು ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಏಕಾಂತಪ್ಪನಿಗೆ ಕೊಸರಿಲ್ಲದೆ ವ್ಯಾಪಾರ ಮುಗಿಸುವ ಅಭ್ಯಾಸವಿರಲಿಲ್ಲ. ಬದನೆಕಾಯಿ ಕೊಂಡರೆ ಮೇಲೊಂದು ಬದನೆಕಾಯಿ, ಎಣ್ಣೆ ಕೊಂಡರೆ ಮೇಲೆ ನಾಲ್ಕು ಹನಿ. (ಮಾವನ ಮನೆಯಲ್ಲಿ ತಾಳಿ ಕಟ್ಟಿದ ಮೇಲೂ ಏನನ್ನೋ ಕಾಯುತ್ತ ನಿಂತಿದ್ದನೆಂದು ಗೋನೆಗಂಡ್ಲದವರು ಹೇಳುತ್ತಾರೆ. ನಂಬಬೇಕಾಗಿಲ್ಲ; ಆದರೆ ನಂಬಬಹುದು.) ಹೀಗೇ ಒಂದು ದಿನ ಹತ್ತಿ ಬಿಡಿಸುವ ಜಿನ್ನಿಗೆ ಹೋಗಿ, ಅರಳೆಯ ವ್ಯಾಪಾರ ಮುಗಿಸಿ, ಬಂಡಿಯನ್ನೂ ಹೇರಿಸಿ, ಬಾಗಿಲಲ್ಲಿ ಸುಮ್ಮನೆ ನಿಂತ. ಕಾವಲಿನ ಮೌಲಾಲಿಗೆ ಆ ನಿಲುವು ಹೊಸದಲ್ಲ. ಒಳಗೆ ಅರಳೆಯ ರಾಶಿಯ ಮೇಲೆ ಮರಿ ಹಾಕಿದ್ದ ನಾಯಿಯ ಮಗ್ಗುಲಿನಿಂದ ಒಂದನ್ನು ಎತ್ತಿ ತಂದು ಅವನ ಅಂಗೈಯಲ್ಲಿಟ್ಟ.

"ತಗೋರಿ ಸಾವ್ಕಾರ, ಕೊಸರು. ಇದಕ್ಕಿಂತಾ ಮೆತ್ತಗಿಂದು ನಮ್ಮ ಜಿನ್ನಿನ್ಯಾಗ ಇನ್ನೊಂದಿಲ್ಲ, ಅಲ್ಲಾ ಕಸಮ್."

ಪುಕ್ಕಟೆ ಮಾಲಿನ ಗುಣ ವಿಚಾರಿಸಬಾರದೆಂಬುದು ಪೇಟೆಯ ಮರ್ಯಾದೆ. ಏಕಾಂತಪ್ಪ ವಿಚಾರಿಸಲಿಲ್ಲ.

"ಏನ್ರಿ ಅದು?" ಎಂದಳು ಮಹಾಂತಮ್ಮ ಬಾಗಿಲಲ್ಲೇ.

"ಕೊಸರು."

"ಕೊಸರಿಗೆ ಬಾಲ ಐತಿ."

"ಕಾವಲಿಗೆ ಆಕ್ಕೈತಿ. ದೊಡ್ಡದಾತಂದ್ರ ಕಳ್ಳರು ಓಣಿ ಬಿಟ್ಟು ಓಡ್ತಾರ ನೋಡು."

"ಅದು ದೊಡ್ಡದಾಗೋಮಟ ನಾವೆಲ್ಲಿ ಓಡಾಣ?"

ಈ ಘನವಾದ ಚರ್ಚೆ ನಡೆದಿರುವಾಗಲೇ ಮರಿ ಅವನ ಕೈಯಿಂದ ಜಾರಿ ಇಳಿಯಿತು. ಸೆಗಣಿ ಸಾರಿಸಿದ ಅಂಗಳವನ್ನು ಮೂಸಿ ನೋಡಿ ಬಿಟ್ಟಿತು. ಕಡಪದ ಬಂಡೆ ಹಾಸಿದ ಪಡಸಾಲೆಯನ್ನು ಮೂಸಿ ನೋಡಿ ಬಿಟ್ಟಿತು. ಮುಂಗೋಣೆಯೇ ಏಕಾಂತಪ್ಪನ ಅಂಗಡಿ. ಅಲ್ಲಿ ಬಿಳಿಯ ಹಚ್ಚಡ ಹೊದಿಸಿದ ದಪ್ಪ ಹತ್ತಿಯ ಗಾದಿ, ಅದರ ಮೇಲೆ ಲೋಡು. ಅವನ ತಂದೆ ಕುಳಿತು ವ್ಯಾಪಾರ ಮಾಡಿದ ಆ ಗಾದಿಯನ್ನು ಮರಿ ಮೂಸಿ, ಕಷ್ಟಪಟ್ಟು ಹತ್ತಿ, ಒಂದು ಸುತ್ತು ಹಾಕಿ, ಲೋಡಿನ ಪಕ್ಕದಲ್ಲಿ ಯಜಮಾನನ ಗಾಂಭೀರ್ಯದಿಂದ ಕುಳಿತು, ತನ್ನ ಕೆಲಸ ಮುಗಿಸಿತು.

"ಬೋಣಿ ಆತು," ಎಂದಳು ಮಹಾಂತಮ್ಮ.

ಅಂದಿನಿಂದ ಅದರ ಹೆಸರೇ ಕೊಸರು ಎಂದಾಯಿತು. ಗಾದಿ ಒಗೆದು ಒಣಗಿಸುವಷ್ಟರಲ್ಲಿ ಕೌದಿ. ಕೌದಿ ಒಣಗುವಷ್ಟರಲ್ಲಿ ತಲೆದಿಂಬು. ಹಿತ್ತಿಲಿನಲ್ಲಿ ಸಾಲಾಗಿ ಹಾಸಿಗೆಗಳು ಬಿಸಿಲು ಕಾಯುವುದನ್ನು ಕಂಡು ಓಣಿಯವರು, "ಮನ್ಯಾಗ ಸಣ್ಣ ಕೂಸು ಏನಾರ ಬಂದೈತೇನಬೇ?" ಎಂದು ಕೇಳತೊಡಗಿದರು. "ಹೂನವ್ವ, ಸಾವ್ಕಾರ್ರು ಹಡದಾರ," ಎಂದು ಮಹಾಂತಮ್ಮ ಉತ್ತರ ಕೊಟ್ಟಳು.

ಏಕಾಂತಪ್ಪ ಎದೆಗುಂದುವ ಪ್ರಾಣಿಯಲ್ಲ. "ಈ ಪ್ಯಾಟ್ಯಾಗ ಎಂತೆಂಥಾ ದಲ್ಲಾಳಿಗಳನ್ನ ಪಳಗಿಸೀನಿ. ಇದೇನು, ಗೇಣುದ್ದ ಇಲ್ಲ!" ಎಂದು ತಾನೇ ಕಾರ್ಯಭಾರ ವಹಿಸಿಕೊಂಡ. ಮರಿಯನ್ನು ಹಿತ್ತಿಲ ಬೇವಿನ ಬುಡಕ್ಕೆ ಒಯ್ದು ಕೂರಿಸಿ, ಎದುರಿಗೆ ತಾನೂ ಕುಕ್ಕರುಗಾಲಿನಲ್ಲಿ ಕುಳಿತ. ಅವನು ಅದರ ಮುಖ ನೋಡಿದ. ಅದು ಅವನ ಮುಖ ನೋಡಿತು. ಮೊದಲು ಯಾರು ದರ ಹೇಳಬೇಕೆಂದು ಇಬ್ಬರೂ ಕಾಯುವಂತಿತ್ತು. ಕೊನೆಗೆ ಸೊಂಟ ಹಿಡಿದು, ತೆಲುಗಿನಲ್ಲಿ "ಸರೇ, ಪೋನೀ" (ಆಯ್ತು, ಹೋಗಲಿ) ಎಂದು ಅವನು ಎದ್ದರೆ, ಮರಿ ಅವನಿಗಿಂತ ಮುಂದಾಗಿ ಒಳಗೆ ಓಡಿ ಗಾದಿ ಹತ್ತಿತು.

ಪೇಟೆಯವರು ಉಪದೇಶ ಕೊಟ್ಟರು (ಉಪದೇಶಕ್ಕೆ ಮಾತ್ರ ಆದವಾನಿಯಲ್ಲಿ ಕೊಸರು ಕೇಳಬೇಕಾಗಿಲ್ಲ). ಮೂತಿ ಹಿಡಿದು ಒದ್ದೆಗೆ ಉಜ್ಜಬೇಕು ಎಂದರೊಬ್ಬರು. ಉಜ್ಜಿದ; ಅದು ಅವನ ಕೈ ನೆಕ್ಕಿತು. ಗದರಿಸಬೇಕು ಎಂದರು ಇನ್ನೊಬ್ಬರು. "ಎಲೈ ಕೃತಘ್ನ ಶ್ವಾನವೇ!" ಎಂದು ಗದರಿಸಿದ, ಅದು ಸಂತೋಷದಿಂದ ಬಾಲ ಬಡಿದು, ಅಲ್ಲೇ, ಆಗಲೇ, ಇನ್ನೊಂದಿಷ್ಟು ಮಾಡಿತು.

ಕೊನೆಗೆ ಪೇಟೆಯ ವಿದ್ಯೆಯೇ ಗತಿಯಾಯಿತು. ಹತ್ತಿ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವಲು ಮುಚ್ಚಿ, ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಒಪ್ಪಿಸುತ್ತಾರೆ. ಮಹಾಂತಮ್ಮ ನೀರು ಸೇದಲು ಬಂದವಳು ನೋಡಿದರೆ, ಗಂಡ ಬೇವಿನ ಬುಡದಲ್ಲಿ ಕುಳಿತು, ಟವಲಿನ ಕೆಳಗೆ ಮರಿಯ ಮುಂಗಾಲು ಹಿಡಿದು ಏನೋ ಗೊಣಗುತ್ತಿದ್ದ.

"ಎಷ್ಟಕ್ಕ ಒಪ್ತುರಿ?"

"ನೀ ಒಳಗ ಹೋಗು."

"ನಾಕೂ ಕಾಲು ಹಿಡೀರಿ, ಒಪ್ಪಿದ್ರ ಒಪ್ಪೀತು. ಅದಲ್ರಿ, ಅದು ಹುಟ್ಟಿದ್ದ ಅರಳ್ಯಾಗ. ಕಣ್ಣು ಬಿಟ್ಟಿದ್ದ ಅರಳ್ಯಾಗ. ಹತ್ತಿ ಅಂದ್ರ ಅದಕ್ಕ ಬಯಲು. ಮೂಲ್ಯಾಗ ಒಂದು ಹಿಡಿ ಅರಳಿ ಇಟ್ಟು ನೋಡ್ರಿ."

ಏಕಾಂತಪ್ಪನ ಕೈಯಿಂದ ಮುಂಗಾಲು ಜಾರಿತು. "ಅರಳಿ! ಕೌತಾಳದ ರೈತರು ಬೆಳೆದು ತಂದ ಅರಳಿ, ನಾಯಿ ಪಾಯಿಖಾನಿಗೆ? ನೀನು ಹತ್ತಿ ವ್ಯಾಪಾರಿ ಹೆಂಡ್ತಿ ಹೌದೋ ಅಲ್ಲೋ?"

"ಅದಕ್ಕs ಹೇಳ್ತೀನಿ. ಬ್ಯಾರೇರ ಮನ್ಯಾಗ ಇಷ್ಟು ಹತ್ತಿ ಎಲ್ಲಿಂದ ಬರ್ಬೇಕು?"

ಅವನು ಒಪ್ಪಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಕೇಳದೆ ಹೋದಳೆಂದರೆ ಆ ವ್ಯವಹಾರ ಮುಗಿದಿದೆಯೆಂದು ಅರ್ಥ. ಯಾರ ಕಡೆಗೆ ಮುಗಿದಿದೆಯೆಂದು ಏಕಾಂತಪ್ಪ ವಿಚಾರಿಸಲಿಲ್ಲ. ಅವಳು ಮೊದಲು ಅಂಗಡಿಯ ಕಸದ ಹತ್ತಿಯನ್ನು ಹಿತ್ತಿಲ ಮೂಲೆಯಲ್ಲಿ ಹರಡಿದಳು. ಕೊಸರು ಮೂಸಿ ಮುಖ ತಿರುಗಿಸಿತು: ಕೀಳು ಮಾಲು. ಆಮೇಲೆ ಗಂಡ ಮಾದರಿಗೆಂದು ಕಟ್ಟಿಟ್ಟಿದ್ದ ಗಂಟಿನಿಂದಲೇ ಒಂದು ಹಿಡಿ ತಂದಿಟ್ಟಳು. ಅದು ಹೂವಿನಂಥ ಅರಳೆ. ಮರಿ ಒಂದು ಸುತ್ತು ಹಾಕಿ ಕುಳಿತುಬಿಟ್ಟಿತು. ಅಂದಿನಿಂದ ಗಾದಿ ಒಣಗಿತು, ಕೌದಿ ಒಣಗಿತು. ಮರಿಗೆ ಅವಸರವಾದರೆ ತಾನೇ ಹಿತ್ತಿಲಿಗೆ ಓಡುವುದನ್ನು ಕಲಿಯಿತು. ಹಳೆಯ ಅರಳೆ ತೆಗೆದು ಹೊಸದಿಡುವುದು ಮಹಾಂತಮ್ಮನ ಗುಟ್ಟಿನ ಕೆಲಸವಾಯಿತು.

"ನೋಡಿದಿ?" ಎಂದ ಏಕಾಂತಪ್ಪ ಮೀಸೆಯ ಮೇಲೆ ಕೈಯಿಟ್ಟು. "ಟವಲಿನ ಕೆಳಗ ಮಾತಾಡಿದ್ದು ಕೆಲಸ ಮಾಡ್ತು."

"ಹೌದ್ರಿ," ಎಂದಳು ಮಹಾಂತಮ್ಮ.

ಆ "ಹೌದ್ರಿ"ಯನ್ನು ಅವನು ಆಗಲೇ ತೂಗಿ ನೋಡಬೇಕಿತ್ತು. ತೂಗದೆ ಪೇಟೆಗೆ ಹೋಗಿ, ನಾಯಿ ಪಳಗಿಸುವ ವಿದ್ಯೆಯ ಮೇಲೆ ಅಂಗಡಿ ಅಂಗಡಿಗೂ ಪ್ರವಚನ ಕೊಟ್ಟ.

ಇನ್ನು ಗುರುಪಾದಯ್ಯನವರ ವಿಷಯ. ಪರವೂರಿನ ಮಿಲ್ಲೊಂದಕ್ಕೆ ಆದವಾನಿಯಲ್ಲಿ ಹತ್ತಿ ಖರೀದಿ ಮಾಡುತ್ತಿದ್ದ ಹಿರಿಯರು; ಹಣೆತುಂಬ ವಿಭೂತಿ, ಮಡಿ ಅಂದರೆ ಮಡಿ. ಆ ಕಾಲದಲ್ಲಿ ತೂಕ ಬರಲೆಂದು ಹತ್ತಿಗೆ ನೀರು ಚಿಮುಕಿಸುವ ಕೈಗಳು ಎಲ್ಲ ಪೇಟೆಗಳಲ್ಲೂ ಇದ್ದವು. ಅಯ್ಯನವರು ಅರಳೆಯನ್ನು ಕೆನ್ನೆಗೆ ಒತ್ತಿಕೊಂಡು ತೇವ ಹಿಡಿಯುತ್ತಿದ್ದರು. ಒಮ್ಮೆ ತಣ್ಣಗೆ ತಾಕಿತೆಂದರೆ ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತುತ್ತಿರಲಿಲ್ಲ. ಅವರು ಹತ್ತದ ಮೆಟ್ಟಿಲನ್ನು ಹತ್ತಿ ಮಾರಲು ಬಂದ ಚಿಪ್ಪಗಿರಿಯ ರೈತನೂ ಹತ್ತುತ್ತಿರಲಿಲ್ಲ. ಏಕಾಂತಪ್ಪನಿಗಿದ್ದ ದೊಡ್ಡ ಬಂಡವಾಳ ಅವನ ತಂದೆ ಗಳಿಸಿಟ್ಟ ಒಂದು ಮಾತು: "ಆ ಮನೆ ಹತ್ತಿ ಒಣ ಹತ್ತಿ."

ಅಯ್ಯನವರು ಬರುವ ದಿನ ಏಕಾಂತಪ್ಪ ಮಸುಕಿನಲ್ಲೇ ಎದ್ದು ಮುಖ ತೊಳೆಯಲು ಹಿತ್ತಿಲಿಗೆ ಹೋದ. ಮೂಲೆಯಲ್ಲಿ ಬೆಳ್ಳಗೆ ಏನೋ ಕಂಡಿತು. ಬಗ್ಗಿ ಎಳೆ ಬಿಡಿಸಿದರೆ, ಅಯ್ಯೋ, ತನ್ನ ಮಾದರಿಯ ಅರಳೆ! ಬಿದ್ದ ಹತ್ತಿಯನ್ನು ಕಂಡೂ ದಾಟಿಹೋಗುವುದು ಹುಟ್ಟು ವ್ಯಾಪಾರಿಗೆ ಆಗದ ಕೆಲಸ. "ಬತ್ತಿ ಮಾಡಾಕ ಒಯ್ದು ಇಲ್ಲಿ ಚೆಲ್ಯಾಳ, ಕೈಯಾಗ ಹಿಡಿತs ಇಲ್ಲ," ಎಂದು ಗೊಣಗುತ್ತ ಅಷ್ಟನ್ನೂ ಬಳಿದು ಟವಲಿನಲ್ಲಿ ಕಟ್ಟಿಕೊಂಡ. ಸ್ವಲ್ಪ ತಣ್ಣಗಿತ್ತು, ಇಬ್ಬನಿ ಎಂದುಕೊಂಡ. ಮೂಸಿಯೂ ನೋಡಿದ, ಆದರೆ ನಶ್ಯ ಏರಿಸಿ ಏರಿಸಿ ಅವನ ಮೂಗು ಬಹಳ ಹಿಂದೆಯೇ ರಾಜೀನಾಮೆ ಕೊಟ್ಟಿತ್ತು. ಒಳಗೆ ಬಂದು ಅಯ್ಯನವರಿಗೆ ತೋರಿಸಲು ಇಟ್ಟಿದ್ದ ಮಾದರಿಯ ಬುಟ್ಟಿಯ ಮೇಲೆ ಅದನ್ನು ಚೆನ್ನಾಗಿ ಹಿಂಜಿ ಹರಡಿ, ಅದೇ ಟವಲಿನಿಂದ ಮುಖ ಒರೆಸಿಕೊಂಡ.

ಬೆಳಗಾದ ಮೇಲೆ ಕೊಸರು ಹಿತ್ತಿಲಿಗೆ ಓಡಿ, ಬರಿದಾದ ಮೂಲೆಯನ್ನು ಸುತ್ತಿ ಸುತ್ತಿ ಕುಂಯ್‌ಗುಟ್ಟಿತು. ಮಹಾಂತಮ್ಮ ನೋಡಿದಳು. ಅರಳೆ ಎಲ್ಲಿ ಹೋಯಿತು?

ಅಷ್ಟರಲ್ಲಿ ಗುರುಪಾದಯ್ಯನವರು ಬಂದು ಗಾದಿಯ ಮೇಲೆ ಕುಳಿತಾಗಿತ್ತು. ಇಬ್ಬರೂ ನಶ್ಯದ ಡಬ್ಬಿ ಬದಲಾಯಿಸಿಕೊಂಡು, ಸೀನಿ, ಕ್ಷೇಮ ಕೇಳಿದರು. ಅಯ್ಯನವರು ಬುಟ್ಟಿಗೆ ಕೈಹಾಕಿ ಒಂದು ಚಿಟಿಕೆ ತೆಗೆದರು. ಎಳೆ ಎಳೆದರು, ತಲೆದೂಗಿದರು. ಆಮೇಲೆ ಕೆನ್ನೆಗೆ ಒತ್ತಿಕೊಂಡರು.

ತಲೆದೂಗುವುದು ನಿಂತಿತು.

"ಏಕಾಂತಪ್ಪ."

"ಅಯ್ಯನೋರ."

"ನೀರು ಹೊಡಿಯಾದು ಯಾವಾಗ ಕಲ್ತೆಪ್ಪಾ?"

"ಅಯ್ಯೋ, ಶಿವಾ! ಇಬ್ಬನಿ ಇರ್ಬೇಕ್ರಿ..."

"ಅಂಗಡಿ ಒಳಗ ಇಬ್ಬನಿ ಬೀಳಾಕ ಹತ್ತೈತೇನು? ನಿಮ್ಮಪ್ಪ ಇದ್ದಿದ್ರ ಈ ಮಾತು ಕೇಳಿ ಏನು ಅಂತಿದ್ದನೋ!"

ಆಗ ಕೊಸರು ಒಳಗೆ ಬಂತು. ಬುಟ್ಟಿಯನ್ನು ಮೂಸಿತು. ಕಳೆದುಹೋದದ್ದು ಸಿಕ್ಕಿತೆಂಬ ಸಮಾಧಾನದಿಂದ ಮುಂಗಾಲನ್ನು ಅಂಚಿನ ಮೇಲಿಟ್ಟು ಹತ್ತಲು ನೋಡಿತು. ಏಕಾಂತಪ್ಪ ಬುಟ್ಟಿ ನೋಡಿದ, ಮರಿ ನೋಡಿದ, ಅಯ್ಯನವರ ಕೆನ್ನೆ ನೋಡಿದ. ಮರಿ ಬುಟ್ಟಿಯಲ್ಲೇ ಮಾಡಿಟ್ಟಿದೆ! ನೀರು ಎಂದು ಒಪ್ಪಿಕೊಂಡರೆ ತಂದೆಯ ಮಾತು ಹೋಗುತ್ತದೆ. ನಾಯಿ ಎಂದು ಹೇಳಿದರೆ ಅಯ್ಯನವರು ಹೋಗುತ್ತಾರೆ, ಮಾತೂ ಅವರ ಹಿಂದೆಯೇ ಹೋಗುತ್ತದೆ. ಮರಿಯನ್ನು ಬುಟ್ಟಿಯ ಅಂಚಿನಿಂದ ಕೆಳಗೆ ತಳ್ಳಿದ.

"ಅಯ್ಯನೋರ, ತಪ್ಪು ನಂದ್ರಿ."

ಒಳಬಾಗಿಲಲ್ಲಿ ಸೆರಗು ಹೊದ್ದು ಮಹಾಂತಮ್ಮ ನಿಂತಿದ್ದಳು.

"ಲಿಂಗಪೂಜಿಗೆ ಅಗ್ಗಣಿ ತರ್ತಿದ್ದೆರಿ. ಈ ಮರಿ ಕಾಲಾಗ ಸಿಕ್ತು, ತಂಬಿಗಿ ತುಳುಕಿ ಬುಟ್ಟಿ ಮ್ಯಾಲ ಬಿತ್ರಿ. ಇವ್ರಿಗೆ ಹೇಳಾಕ ಅಂಜಿಕ್ಯಾತು."

ಅಯ್ಯನವರ ಹುಬ್ಬು ಇಳಿಯಿತು. "ಅಗ್ಗಣಿ? ಪೂಜಿ ನೀರೇನವ್ವಾ?" ಎಂದು, ಕೈಯಲ್ಲಿದ್ದ ಅರಳೆಯನ್ನು ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಳ್ಳಲು ಎತ್ತಿದರು.

"ಬ್ಯಾಡ್ರಿ!" ಎಂದು ಮಹಾಂತಮ್ಮ ಹೊಸ್ತಿಲು ದಾಟಿ ಬಂದು ಅದನ್ನು ಕಿತ್ತುಕೊಂಡಳು. "ನಾಯಿ ಮುಟ್ಟೈತ್ರಿ ಅದನ್ನ!" (ಅವಳು ಆಡಿದ ಅಷ್ಟೂ ಮಾತಿನಲ್ಲಿ ಇದೊಂದೇ ಸತ್ಯ.) "ನೀರು ತರ್ತೀನಿ, ಮುಖ ತೊಳಕೊಂಡುಬಿಡ್ರಿ. ಚೊಲೋತ್ನಾಗಿ ತೊಳಕೊಳ್ರಿ. ಕೆನ್ನಿ ಇನ್ನೊಮ್ಮೆ."

ಅಯ್ಯನವರು ಕೆನ್ನೆ ತೊಳೆದು ವಿಭೂತಿ ಹಚ್ಚಿಕೊಂಡು ಬರುವಷ್ಟರಲ್ಲಿ ಗಂಟಿನಿಂದ ಹೊಸ ಮಾದರಿ ಬಂದಿತ್ತು. ಅದರಲ್ಲಿ ಹನಿ ತೇವವೂ ಇರಲಿಲ್ಲ. ಟವಲಿನ ಮರೆಯಲ್ಲಿ ಬೆರಳು ಕೂಡಿದವು, ವ್ಯಾಪಾರ ಕುದುರಿತು. ಹೊರಡುವಾಗ ಅಯ್ಯನವರು ಏಕಾಂತಪ್ಪನ ಭುಜ ತಟ್ಟಿದರು.

"ದೊಡ್ಡ ಮನಸ್ಸು ನಿಂದು. ಹೆಂಡ್ತಿ ಮ್ಯಾಲೆ ಮಾತು ಬರಬಾರ್ದು ಅಂತ ನನ್ನ ಕೈಲಿ ಅನ್ನಿಸಿಕೊಂಡು ಸುಮ್ಮನಿದ್ದಿ. ಇಂಥಾ ಗಂಡ ಸಿಗಬೇಕಂದ್ರ ಪುಣ್ಯ ಮಾಡಿರಬೇಕವ್ವಾ."

"ಹೌದ್ರಿ," ಎಂದಳು ಮಹಾಂತಮ್ಮ.

ಅವರು ಓಣಿ ತಿರುಗಿದ್ದೇ ತಡ, ಏಕಾಂತಪ್ಪ ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡ.

"ಕೋಲು ಯಾರಿಗ್ರಿ?"

"ಆ ಹರಾಮಖೋರ ನಾಯಿಗೆ! ಮಾದರಿ ಬುಟ್ಟ್ಯಾಗ ಮಾಡ್ತೈತಿ, ಎಷ್ಟು ಧೈರ್ಯ!"

"ಬುಟ್ಟ್ಯಾಗ ಅದು ಮಾಡಿಲ್ಲ. ಅದು ಮಾಡಿದ್ದು ಹಿತ್ತಲದಾಗ, ನಾನು ಅದಕ್ಕಂತ ಇಟ್ಟ ಅರಳ್ಯಾಗ. ದಿನಾ ಅಲ್ಲೇ ಮಾಡ್ತೈತಿ. ಹಿತ್ತಲದಿಂದ ಬುಟ್ಟಿಗೆ ಹೊತ್ತು ತಂದೋರು ಯಾರ್ರಿ?"

ಕೋಲು ಮೆಲ್ಲಗೆ ನೆಲ ಮುಟ್ಟಿತು. ಏಕಾಂತಪ್ಪ ಹೆಗಲ ಮೇಲಿನ ಟವಲನ್ನು ತೆಗೆದು, ದೂರ ಹಿಡಿದು, ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಮುಖ ಮುಟ್ಟಿಕೊಂಡ.

ಮಹಾಂತಮ್ಮ ಟವಲನ್ನು ಎರಡೇ ಬೆರಳಿನಲ್ಲಿ ಈಸಿಕೊಂಡಳು. "ನಾಯಿಗೆ ತಿಳೀತು, ಯಾವ್ದು ಎಲ್ಲಿರ್ಬೇಕು ಅಂತ. ಇನ್ನ ಉಳಿದೋರು ನೀವೊಬ್ಬರ. ಬರ್ರಿ, ನೀರು ಹಾಕ್ತೀನಿ. ಕೆನ್ನಿ ಇನ್ನೊಮ್ಮೆ ತೊಳಕೊಳ್ರಿ."

ಸಂಜೆಯಷ್ಟರಲ್ಲಿ ಗುರುಪಾದಯ್ಯನವರ ಬಾಯಿಂದ ಸಂಗತಿ ಪೇಟೆಯೆಲ್ಲ ಸುತ್ತಿತು. ಏಕಾಂತಪ್ಪನ ದೊಡ್ಡ ಮನಸ್ಸನ್ನು ಹೊಗಳದವರಿಲ್ಲ; ತಂಬಿಗೆ ನೆಟ್ಟಗೆ ಹಿಡಿಯಲು ಬಾರದ ಅವನ ಹೆಂಡತಿಯ ಮೇಲೆ ಕನಿಕರ ಪಡದವರಿಲ್ಲ. ಅವನು ಎರಡು ಸಲ ನಿಜ ಹೇಳಲು ಬಾಯಿ ತೆರೆದ. ಎರಡು ಸಲವೂ ಅಯ್ಯನವರ ಕೆನ್ನೆ ಕಣ್ಣೆದುರು ಬಂತು.

ಹೀಗಾಗಿ ಕೈಹಿಡಿತವಿಲ್ಲದವಳೆಂಬ ಹೆಸರನ್ನು ಮಹಾಂತಮ್ಮ ಇಟ್ಟುಕೊಂಡಳು. ಒಣ ಹತ್ತಿಯವನೆಂಬ ಹೆಸರು ಏಕಾಂತಪ್ಪನಿಗೆ ಉಳಿಯಿತು. ಆ ಹೆಸರಿಗೆ ಅವನು ಅವಳಿಗೆ ಋಣಿ.