ನನಗಿಂತ ಮೊದಲು ಹೊರಟ ಬ್ಯಾಗು

ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ನನ್ನ ಷಡ್ಡಕ ಮಹದೇವು ಒಬ್ಬನನ್ನು ಬಿಟ್ಟು!

ಅವನು ನನ್ನ ಹೆಂಡತಿ ಪಾರ್ವತಿಯ ತಂಗಿಯ ಗಂಡ. ನಮ್ಮ ನಂಜನಗೂಡಿನಲ್ಲೇ ಮೈಸೂರು ರಸ್ತೆಯಲ್ಲಿ ಅವನ ಮನೆ. ಸಣ್ಣ ಊರಿನವರೂ ಆಕಾಶ ನೋಡಲಿ ಎಂದು ಸರ್ಕಾರ ಸಬ್ಸಿಡಿ ಕೊಟ್ಟು ಮೈಸೂರಿನಿಂದ ಪುಟ್ಟ ವಿಮಾನ ಬಿಟ್ಟಿತಲ್ಲ, ಅದರಲ್ಲಿ ಅವನು ಹೈದರಾಬಾದಿಗೆ ಹೋಗಿಬಂದ. ಅಂದಿನಿಂದ ನೆಂಟರ ಮನೆಯಲ್ಲಿ ಎಲೆ ಹಾಕಿದರೆ ಸಾಕು, ಪಲ್ಯಕ್ಕಿಂತ ಮೊದಲು ಅವನ ವಿಮಾನ ಬಡಿಸಿರುತ್ತಿತ್ತು. "ಕಿಟ್ಕಿ ಪಕ್ಕ ಕೂತಿದ್ದೆ ಕಣಣ್ಣೋ, ಕಪಿಲಾ ಹೊಳೆ ಉಡ್ದಾರದಂಗೆ ಕಾಣ್ತಿತ್ತು!" ನನಗೆ ಅನ್ನ ಇಳಿಯುತ್ತಿರಲಿಲ್ಲ.

ನಾನು ಗೊಬ್ಬರದ ಅಂಗಡಿಯವನು. ಸಬ್ಸಿಡಿ ವಿಷಯದಲ್ಲಿ ನನಗಿಂತ ಅವನು ಮುಂದೆ ಹೋಗುವುದೆಂದರೇನು? ಕಂಪ್ಯೂಟರ್ ಅಂಗಡಿಗೆ ಹೋಗಿ ಟಿಕೆಟ್ ಮಾಡಿಸಿಯೇಬಿಟ್ಟೆ. ಕಿಟಕಿ ಪಕ್ಕದ್ದೇ!

"ಹೈದರಾಬಾದಲ್ಲಿ ನಮ್ಗೆ ಯಾರವ್ರೆ?" ಎಂದಳು ಪಾರ್ವತಿ.

"ಮಹದೇವುಗೆ ಯಾರಿದ್ರು?"

ಅವಳು ಕ್ಯಾಲೆಂಡರ್ ನೋಡಿದಳು. ಶನಿವಾರ, ಮನೆ ಬಿಡಬೇಕಾದದ್ದು ಒಂಬತ್ತೂವರೆಗೆ. ಅಪ್ಪಟ ರಾಹುಕಾಲ! ವಿಮಾನದವರು ಪಂಚಾಂಗ ನೋಡುವುದಿಲ್ಲ. ಆದರೆ ಇದಕ್ಕೆ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಬೇರೆಯವರ ಮನೆಗೆ ಸಾಗಿಸಿಟ್ಟರೆ ಪ್ರಯಾಣ ಆಗಲೇ ಹೊರಟ ಲೆಕ್ಕ.

"ಪಕ್ಕದ್ಮನೇಲಿ ಇಡಿ" ಎಂದಳು.

ಪಕ್ಕದ ಮನೆಯವರು ನೋಡಿದರೆ ನನಗೇನು ಬಂತು? ನೇರ ಮಹದೇವುವಿನ ಮನೆಗೇ ಹೊತ್ತುಕೊಂಡು ಹೋದೆ. ಹೊಸ ಬ್ಯಾಗು, ಅವನ ಸೋಫಾದ ಮೇಲೆ, ಅವನ ಕಣ್ಣೆದುರಿಗೆ!

"ಯಾವೂರ್ಗಣ್ಣ ಸವಾರಿ? ಯಾವತ್ತು? ಎಷ್ಟೊತ್ಗೆ?" ಎಂದ.

ಹೇಳಿದರೆ ದೃಷ್ಟಿಯಾದೀತು. "ನೀನೊಬ್ನೇ ಹಾರೋದಲ್ಲ ಕಣೋ. ಇರ್ಲಿ, ಬಂದು ತಗೋತೀನಿ" ಎಂದಷ್ಟೇ ಗಂಭೀರವಾಗಿ ನುಡಿದು ಬಂದೆ. ಆ ರಾತ್ರಿ ಸುಖವಾದ ನಿದ್ದೆ.

ಮಾರನೆಯ ದಿನ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಧರಿಸಿ, ಆಟೋದಲ್ಲಿ ಅವನ ಮನೆ ಮುಂದೆ ಇಳಿದೆ. ಬಾಗಿಲಿಗೆ ಅಂಗೈ ಅಗಲದ ಬೀಗ!

ಫೋನ್ ಮಾಡಿದೆ. "ಸುತ್ತೂರಲ್ಲಿದೀನಿ ಕಣಣ್ಣ, ಸಂಸಾರ ಸಮೇತ. ಇವತ್ತೇ ಅಂತ ಒಂದ್ಮಾತು ಹೇಳಬಾರ್ದಾ? ನೀನು ಹೋಗಿರು, ಬ್ಯಾಗ್ ತಂದ್ಬಿಡ್ತೀನಿ" ಎಂದ.

ಬಟ್ಟೆಯಿಲ್ಲದಿದ್ದರೆ ಹೋಗಲಿ, ಟಿಕೆಟ್ ಜೇಬಿನಲ್ಲಿದೆ ಎಂದು ಧೈರ್ಯವಾಗಿ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹೋದೆ. ಬಾಗಿಲಲ್ಲಿ ಬಂದೂಕಿನವರು ತಡೆದರು.

"ಆಧಾರ್ ಕಾರ್ಡ್?"

"ಬ್ಯಾಗಲ್ಲಿದೆ ಸಾ."

"ಬ್ಯಾಗೆಲ್ಲಿ?"

"ಅದು ನಿನ್ನೇನೇ ಹೊರಟದೆ ಸಾ!"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೊಬೈಲಿನಲ್ಲಾದರೂ ತೋರಿಸಿ ಎಂದರು. ನನ್ನದು ಗುಂಡಿ ಒತ್ತುವ ಫೋನು. ಹಣೆಯ ವಿಭೂತಿ ತೋರಿಸಿದೆ, ಅಂಗಡಿಯ ಬಿಲ್ ಪುಸ್ತಕ ತೋರಿಸಿದೆ. ಆಗಲಿಲ್ಲ. ಪಕ್ಕಕ್ಕೆ ನಿಲ್ಲಿ ಎಂದರು. ನಿಂತೆ.

ಮಹದೇವು ಬೈಕಿಳಿದು ನನ್ನ ಬ್ಯಾಗನ್ನು ತಬ್ಬಿಕೊಂಡು ಏದುಸಿರು ಬಿಡುತ್ತಾ ಬರುವುದಕ್ಕೂ, ವಿಮಾನ ನೆಲ ಬಿಡುವುದಕ್ಕೂ ಸರಿಹೋಯಿತು. ಇಬ್ಬರೂ ಕತ್ತೆತ್ತಿ ನೋಡಿದೆವು. ಪಾಪ, ಅವನಿಗೂ ಬೇಜಾರಾಗಿತ್ತು. ಸಮಾಧಾನ ಮಾಡಲೆಂದು ಬೆರಳು ತೋರಿಸಿದ:

"ಅಗೋ ನೋಡಣ್ಣ, ಆ ಕಿಟ್ಕಿ! ಅಲ್ಲೇ ನಾನು ಕೂತಿದ್ದು!"

ನನ್ನ ಹೊಟ್ಟೆಯೊಳಗೆ ಉಳಿದಿದ್ದ ಜಾಗವೂ ಉರಿದುಹೋಯಿತು.

ಈಗ ನೆಂಟರ ಮನೆಗಳಲ್ಲಿ ಅವನ ವಿಮಾನದ ಕಥೆ ಯಾರಿಗೂ ಬೇಡ. "ಅಣ್ಣ ವಿಮಾನ ತಪ್ಪಿಸ್ಕೊಂಡಿದ್ ಹೇಳು ಮಾದೇವು" ಎಂದು ಸುತ್ತ ಕೂರುತ್ತಾರೆ. ಇದಾದರೂ ನನ್ನ ಸ್ವಂತದ್ದಲ್ಲವೇ ಎಂದು ಮೊನ್ನೆ ನಾನೇ ಹೇಳಲು ಬಾಯಿ ತೆರೆದೆ.

ಪಾರ್ವತಿ ತಡೆದಳು. "ನೀವು ಸುಮ್ನಿರಿ. ನಿಮ್ಗೆ ಅವ್ರಷ್ಟು ಚೆನ್ನಾಗ್ ಹೇಳಕ್ಕೆ ಬರಲ್ಲ!"