ಕೂಸು ಕಾಯೋರು ಪುಕ್ಕಟ ಬೇಕಾಗ್ಯಾರ

ನಾ ಯಾರ ಉಸಾಬರಿಗೂ ಹೋಗಾಂವಲ್ಲ. ಉಸಾಬರಿನ ನನ್ನ ಮನಿ ಹುಡುಕ್ಕೊಂಡು ಬರತಾವ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು, ಈ ನಾಕೂ ತಾಲೂಕಿನ್ಯಾಗ ಎತ್ತಿನ ದಲ್ಲಾಳಿ ಅಂತ ಹೆಸರು ಮಾಡಿದಾಂವ ನಾನು. ಹಾನಗಲ್ಲ ಸಂತ್ಯಾಗ ನಾ ಮಾರಿಸಿದ ಒಂದು ಎತ್ತು ಎಷ್ಟು ಎತ್ತರ ಇತ್ತಂದ್ರ, ಕೊಂಡಾಂವ ಅದನ್ನ ಹೂಡಲೇ ಇಲ್ಲ. ನೆಳ್ಳಿಗಿರಲಿ ಅಂತ ಹೊಲದ ನಡುವ ಕಟ್ಟಿದ.

ಈ ಸಲ ಬಂದಾಂವ ಹಿರೇಬೆಂಡಿಗೇರ್ಯಾಗ ನಮ್ಮ ಮಗ್ಗಲ ಮನಿ ಹುಡುಗ. ಟೆಂಪೋ ಡ್ರೈವರ್. ಹೆಂಡ್ತಿ ಶಿಗ್ಗಾಂವಿ ಗಾರ್ಮೆಂಟ್ಸಿಗೆ ಹೋಗ್ತಾಳ. ಎರಡೂವರಿ ವರ್ಷದ ಮಗಳ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು ಗಾಡಿ ಹೊಡಿತಿದ್ದ. ಹಾರನ್ ಆಕಿದು, ಬ್ರೇಕ್ ಇವಂದು. ಹಿಂಗಿರುವಾಗ ಹಿರೇಕೆರೂರಿನ ಬೀಜದ ಗೋದಾಮಿನ್ಯಾಗ ಗಾಡಿ ಹೊಡಿಯೂ ಖಾಯಂ ಕೆಲಸ ಸಿಕ್ತು. ಮಾಲಕರು ಒಂದ ಮಾತು ಹೇಳಿದ್ರಂತ: "ಅಮಾಸಿ ಆದ ಸೋಮವಾರ ಬಾ. ಕೂಸು ತರೂದಾದ್ರ ನೀನೂ ಬರಬ್ಯಾಡ."

"ಅಜ್ಜಾ, ಕೂಸು ನೋಡಾಕ ಪುಕ್ಕಟ ಯಾರರ ಸಿಗತಾರೇನು? ಪಗಾರ ಕೊಟ್ಟು ಇಟ್ಕೊಂಡ್ರ ನನ್ನ ಪಗಾರೆಲ್ಲಾ ಅವರಿಗೇ ಹೋಗತೈತಿ" ಅಂದ. ಅನ್ನುವಾಗ ನನ್ನ ಮುಖಾನ ನೋಡಾಕತ್ತಿದ್ದ. ನಾಕು ತಾಲೂಕಿನ ದಲ್ಲಾಳಿ ಕೂಸು ಕಾಯ್ತಾನೇನು? ಹುಡುಕಿ ಕೊಡತೇನಿ ನಡಿ ಅಂದೆ.

ಕಿವಿ ಪರೀಕ್ಷಾ

ಮೊದಲು ಅಂಗನವಾಡಿಗೆ ಹ್ವಾದ್ವಿ. ಅಕ್ಕೋರು, ಮೂರು ತುಂಬಲಿ, ಆಮ್ಯಾಲ ಕರ್ಕೊಂಡು ಬರ್ರಿ ಅಂದ್ರು. ವಯಸ್ಸು ಕಾಗದದಾಗ ನೋಡೂದಲ್ಲರಿ, ಕೈಯಾಗ ನೋಡೂದು ಅಂದೆ ನಾನು. ನಮ್ಮ ಕಾಲಕ್ಕ ತಲಿ ಮ್ಯಾಲಿಂದ ಕೈ ಹಾಸಿ ಆ ಕಡೆ ಕಿವಿ ಮುಟ್ಟಿದ್ರ ಸಾಲಿಗೆ ಸೇರಿಸ್ಕೊಂತಿದ್ರು. ನನ್ನ ಕೈ ಮುಟ್ಟಲಿಲ್ಲ. ಕೈ ಗಿಡ್ಡ ಆಗಿರಲಿಲ್ಲ, ತಲಿ ದೊಡ್ಡದಿತ್ತು. ಇಷ್ಟು ದೊಡ್ಡ ತಲಿಗೆ ಸಾಲಿ ಯಾಕ ಅಂತ ನಾನ ಹೊಳ್ಳಿ ಬಂದೆ.

ಮನಿಗೆ ಬಂದು ಕೂಸಿಗೆ ತಾಲೀಮು ಶುರು ಮಾಡಿದೆ. ನನ್ನ ಕಿವಿ ಹಿಂದ ಪೆಪ್ಪರಮಿಂಟ್ ಇಟ್ಕೊಂಡು, ಹಿಂಗ ಕೈ ಹಾಕಿ ತಗೀಬೇಕು ನೋಡವಾ ಅಂತ ದಿನಾ ಮಾಡಿ ತೋರಿಸಿದೆ. ಮತ್ತ ಅಕ್ಕೋರ ಮುಂದ ನಿಲ್ಲಿಸಿ, ಕಿವಿ ಮುಟ್ಟವಾ ಅಂದೆ. ಕೂಸು ನನ್ನ ಹೆಗಲ ಮ್ಯಾಲ ಹತ್ತಿ ನನ್ನ ಕಿವಿ ತಿರುವಿ ಪೆಪ್ಪರಮಿಂಟ್ ಹುಡುಕಾಕ ಹತ್ತಿತು.

ಅಕ್ಕೋರು ನಗಲಿಲ್ಲ. "ಅಜ್ಜಾರ, ಮುಟ್ಟಿದ್ದು ನಿಮ್ಮ ಕಿವಿ. ಬೇಕಾದ್ರ ನೀವು ಕುಂದರ್ರಿ" ಅಂದ್ರು.

ಅಗದ ಹೋಗು

ಹತ್ತಿರದ ಹಳ್ಳ್ಯಾಗ ಪಂಚಾಯ್ತಿಯವರ ಕೂಸಿನ ಮನಿ ಐತಿ, ಸಣ್ಣ ಮಕ್ಕಳ್ನ ಹಗಲೊತ್ತು ಪುಕ್ಕಟ ನೋಡ್ಕೊಂತಾರ ಅಂತ ಸುದ್ದಿ ಬಂತು. ಅಲ್ಲಿ ಕೇಳಿದ್ರ, ಪಂಚಾಯ್ತಿ ಕೂಲಿಗೆ ಬರೋರ ಮಕ್ಕಳಿಗೆ ಮೊದಲು ಜಾಗ ಅಂದ್ರು. ಸದ್ಯ ಕೆರಿ ಹೂಳು ತಗಿಯೂ ಕೆಲಸ ನಡದೈತಿ, ಅಪ್ಪ ಅಗಿಯಾಕ ಬರಲಿ, ಕೂಸು ಇಲ್ಲಿರಲಿ.

ಹುಡುಗ ತಲಿ ಕೆರ್ಕೊಂಡ. ಕೂಸು ಬಿಟ್ರ ಕೆಲಸಕ್ಕ ಹೋಗೂದು ಬರೋಬರಿ, ಆದ್ರ ಕೂಸು ಬಿಡಾಕ ಬ್ಯಾರೆ ಕೆಲಸಕ್ಕ ಹೋಗಬೇಕು. "ನಾ ಕೆರ್‍ಯಾಗ ಅಗಕೊಂತ ನಿಂತ್ರ ಹಿರೇಕೆರೂರಿನ ಗಾಡಿ ಯಾರು ಹೊಡಿತಾರಜ್ಜಾ?"

"ಅದಕ್ಯಾಕ ಚಿಂತಿ? ಸೀದಾ ಹಿರೇಕೆರೂರಿನ ಕಡೆ ಮುಖ ಮಾಡಿ ಅಗದ ಹೋಗು. ಸೋಮವಾರದೊಳಗ ಗೋದಾಮಿನ್ಯಾಗ ಏಳತಿ" ಅಂದೆ. ಅಂವ ಕೂಸು ಎತ್ಕೊಂಡು, ನನ್ನ ಅಲ್ಲೇ ಬಿಟ್ಟು ಗಾಡಿ ಹೊಡ್ಕೊಂಡು ಹ್ವಾದ.

ಟವಲ್ ಕೆಳಗಿನ ವ್ಯಾಪಾರ

ಸವಣೂರಿನ್ಯಾಗ ಸಣ್ಣ ಮಕ್ಕಳ ಇಂಗ್ಲೀಷ್ ಸಾಲಿ ಒಂದೈತಿ. ಗ್ವಾಡಿ ತುಂಬ ಆನಿ, ಒಂಟಿ. ಫೀ ಕೇಳಿ ಹುಡುಗ ಅಲ್ಲೇ ಹೊಳ್ಳಿ ನಿಂತ. ನೀ ಸುಮ್ನಿರು, ಇಳಿಸೂದು ನನ್ನ ಕಸಬು ಅಂತ ನಾ ಒಳಗ ಹ್ವಾದೆ.

ಎತ್ತಿನ ವ್ಯಾಪಾರದಾಗ ಬಾಯಿಲೆ ರೇಟು ಹೇಳೂದಿಲ್ಲ. ಕೈ ಮ್ಯಾಲ ಟವಲ್ ಹಾಕಿ, ಅದರ ಕೆಳಗ ಬೆರಳು ಹಿಡಿದು ಒತ್ತಿ ಒತ್ತಿ ಹೇಳತೇವಿ. ಅಲ್ಲಿನ ಸಾಹೇಬರ ಕೈ ಮ್ಯಾಲೂ ನನ್ನ ಟವಲ್ ಹಾಕಿ ಎರಡು ಬೆರಳು ಒತ್ತಿದೆ. ಸಾಹೇಬ್ರು ಕೈ ಜಗ್ಗಲಿಲ್ಲ. ಮೂರನೇದು ಒತ್ತಿದೆ. ಸಾಹೇಬರ ಹಣಿ ಬೆವರಿತು. ವ್ಯಾಪಾರ ಕುದುರಿತು ಅಂತ ತಿಳ್ಕೊಂಡೆ.

ಸಾಹೇಬ್ರು ಸಣ್ಣ ದನಿಲೆ ಕೇಳಿದ್ರು: "ನಾಡಿ ಏನಂತೈತ್ರಿ ವೈದ್ಯರ? ಶುಗರ್ ಐತೇನು?"

ಕೇಳಿದೋರಿಗೆ ಇಲ್ಲಾ ಅಂದು ನನಗ ರೂಢಿಯಿಲ್ಲ. ಹಾಗಲಕಾಯಿ ತಿನ್ರಿ ಅಂದೆ. ಚಾ ಬಂತು, ಸವಣೂರು ಖಾರಾ ಬಂತು. ಫೀ ಇದ್ದಲ್ಲೇ ನಿಂತಿತ್ತು.

ಸೋಮವಾರ

ಸೋಮವಾರ ಮುಂಜಾನೆ ಹುಡುಗ ಕೂಸು ಎತ್ಕೊಂಡು ನಮ್ಮ ಬಾಗಿಲಿಗೆ ಬಂದು ನಿಂತ. ಬಸ್ಸಿನ ಹೊತ್ತಾಗಿತ್ತು. ಆ ಬಸ್ಸು ತಪ್ಪಿದ್ರ ಕೆಲಸ ಮತ್ತೊಬ್ಬಗ. ನನಗ ನೋಡಾಕ ಆಗಲಿಲ್ಲ. ಹಾಯೂ ಹೋರಿ ಹಿಡದಾವಗ ಒಂದು ಕೂಸು ದೊಡ್ಡದೇನು, ಇಲ್ಲೇ ಬಿಟ್ಟು ನಡಿ ಅಂದೆ. ನನ್ನ ಸೊಸಿ ಒಳಗ ರೊಟ್ಟಿ ಬಡಿಯೂದು ನಿಲ್ಲಿಸಿ ಕೇಳಿಸ್ಕೊಂಡ್ಳು.

ಕೂಸು ಒಂದು ಸಲಾನೂ ಅಳದಂಗ ನೋಡ್ಕೊಂಡೆ. ಸೊಸಿ ಹೊಲಕ್ಕ ಹೋದ ಮ್ಯಾಲ ಆ ನೆಳ್ಳಿನ ಎತ್ತಿನ ಕತಿ ಹೇಳಾಕ ಹತ್ತಿದೆ. ಕತಿ ನಡುವ ಇಬ್ಬರಾಗ ಒಬ್ಬರಿಗೆ ನಿದ್ದಿ ಹತ್ತಿತು.

ಸಂಜಿಕ ಹುಡುಗ ಓಡಿ ಬಂದ. ಕೂಸು ಹೊಸ್ತಿಲ ಮ್ಯಾಲ ಕುಂತು ಬಾಯಿ ಮ್ಯಾಲ ಬೆರಳಿಟ್ಟು, "ಶ್! ಅಜ್ಜ ಮಕ್ಕೊಂಡಾನ" ಅಂತು. ನನ್ನ ಎದಿ ಮಟ ಟವಲ್ ಹೊಚ್ಚಿತ್ತು, ಬಾಯಿ ಒರಸಿತ್ತು, ನಾ ಎದ್ದು ಎಲ್ಲೂ ಹೋಗದಂಗ ನನ್ನ ಚಪ್ಪಲಿ ಬಚ್ಚಿಟ್ಟಿತ್ತು.

ಹೊಲದಿಂದ ಬಂದ ಸೊಸಿ ಇದನ್ನೆಲ್ಲಾ ನೋಡಿ ಅವಗ ಹೇಳಿದ್ದು, ಕಣ್ಣು ಮುಚ್ಚಿದ್ರೂ ನನಗ ಕೇಳಿಸ್ತು:

"ತಮ್ಮಾ, ಆಕಿನ್ನ ದಿನಾ ಕಳಸು, ಊಟ ನಮ್ಮನ್ಯಾಗ. ಹಾಲು ಒಲಿ ಮ್ಯಾಲ ಬಿಟ್ಟು ಊರ ಕಟ್ಟಿ ಮ್ಯಾಲ ಹರಟಿಗೆ ಹೋಗೂ ಈ ಮಾವನವರನ್ನ ಕಾಯಾಕ ಪುಕ್ಕಟ ಯಾರರ ಸಿಗತಾರೇನು ಅಂತ ನಾನೂ ಹುಡುಕಾಕತ್ತಿದ್ದೆ."

ಪಾಪ, ಸೊಸಿಗೆ ತಿಳುವಳಿಕಿ ಕಡಿಮಿ. ಈಗ ಹುಡುಗನ ಕೆಲಸ ಉಳಿದೈತಿ. ಇದು ನನ್ನಿಂದ ಆತು ಅಂತ ನಾಕು ತಾಲೂಕಿಗೂ ಗೊತ್ತಾಗಬೇಕು. ಕಟ್ಟಿ ಮ್ಯಾಲ ಹೇಳಿ ಬರೋಣಂತ ದಿನಾ ಏಳತೇನಿ. ಚಪ್ಪಲಿ ಆ ಕೂಸು ಎಲ್ಲಿಟ್ಟೈತೋ, ಸಿಗವಲ್ವು.