ಕರಿಬೇವಿಗೊಂದು ಗುಂಡಿ

ಮನುಷ್ಯ ತನಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲೇ ಹೆಚ್ಚು ಮೋಸ ಹೋಗುತ್ತಾನೆ ಎಂಬುದು ನನಗೆ ಈಚೆಗೆ ಖಾತ್ರಿಯಾಗಿದೆ. ಗೊತ್ತಿಲ್ಲದಿದ್ದರೆ ನಾಲ್ಕು ಜನರನ್ನು ಕೇಳುತ್ತಾನೆ. ಗೊತ್ತಿದ್ದಲ್ಲಿ ಕೇಳುವುದೇ ಅವಮಾನ. ನಾನು ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ತಲೆ ನರೆಸಿಕೊಂಡವನು. ಸುತ್ತಿಗೆ, ಪಾನಾ, ಡ್ರಿಲ್ಲು ಹಾಗಿರಲಿ, ನನ್ನ ಸಹಿ ಬೀಳದೆ ಒಂದು ಮೊಳೆಯೂ ಗೇಟಿನೊಳಗೆ ಬಂದದ್ದಿಲ್ಲ. ಅಂಥ ನನಗೆ ನನ್ನದೇ ಹಿತ್ತಲಿನಲ್ಲಿ ಮೊಳದಷ್ಟು ಆಳ ಅಗೆಯಲು ಒಂದು ಸಾಮಾನು ಆರಿಸಲಾಗಲಿಲ್ಲ. ಓದುಗರು ನಮ್ಮ ಆಫೀಸಿನವರಲ್ಲ ಎಂಬ ಧೈರ್ಯದಿಂದ ಹೇಳಿಕೊಳ್ಳುತ್ತಿದ್ದೇನೆ.

ಗುಂಡಿ ಬೇಕಾದದ್ದು ಒಂದು ಕರಿಬೇವಿನ ಸಸಿಗೆ. ಗದಗಿನಿಂದ ಪುಣೆಗೆ ಬಂದ ಮೇಲೆ ಇಪ್ಪತ್ತು ವರ್ಷ ನಾವಿದ್ದದ್ದು ಪೇಠೆಯ ಹಳೆಯ ವಾಡೆಯೊಂದರ, ಅಂದರೆ ವಠಾರದ, ಎರಡು ಖೋಲಿಗಳಲ್ಲಿ. ಅಂಗಳದ ನಲ್ಲಿಯ ಪಕ್ಕ ಒಂದು ಕರಿಬೇವಿನ ಮರ. ನನ್ನ ಹೆಂಡತಿ ಸುಮಿತ್ರಾ ಮರಾಠಿ ಕಲಿತದ್ದೇ ಅದರ ಕೆಳಗೆ, ಒಗ್ಗರಣೆಗೆ ಎಲೆ ಕೀಳಲು ಬರುತ್ತಿದ್ದ ಹೆಂಗಸರಿಂದ. ವಾಡೆ ಕೆಡವುವುದು ನಿಶ್ಚಯವಾದಾಗ ಅವಳು ಆ ಮರದ ಬುಡದಿಂದ ಒಂದು ಮರಿ ಕಿತ್ತು, ಎಣ್ಣೆ ಡಬ್ಬಿಯಲ್ಲಿ ಊರಿ, ತಳೇಗಾಂವದ ಹೊಸ ಮನೆಯವರೆಗೂ ಮಡಿಲಲ್ಲಿಟ್ಟುಕೊಂಡು ಬಂದಳು. ಮರುವಾರ ಮರ ಉರುಳಿತು. "ಇದೊಂದು ಹೋತಂದ್ರ ಎಲ್ಲಾ ಹೋದಂಗ ನೋಡ್ರಿ," ಎಂದಳು. "ರವಿವಾರ ಹಚ್ಚೋಣಂತ," ಎಂದೆ. ಯಾವ ರವಿವಾರ ಎಂದು ಅವಳು ಕೇಳಲಿಲ್ಲ, ಪಾಪ.

ಹಿತ್ತಲೆಂದರೆ, ಬಿಲ್ಡರು ಕೆಂಪು ಮುರುಮು ಸುರಿದು ರೋಲರ್ ಓಡಿಸಿದ ನೆಲ. ಅತ್ತ ಕಲ್ಲೂ ಅಲ್ಲ, ಇತ್ತ ಮಣ್ಣೂ ಅಲ್ಲ. ಹಟ ಮಾತ್ರ ಎರಡರದ್ದೂ ಇದೆ. ಹಾರ್ಡ್‌ವೇರ್ ಅಂಗಡಿಯ ಮುದುಕ ನನ್ನ ಮಾತು ಮುಗಿಯುವ ಮೊದಲೇ, "ಮುರೂಮ್ ಆಹೇ ನಾ ಸಾಹೇಬ? ಆಧೀ ಪಾಣೀ ಸೋಡಾ, ಮಗ ಪಹಾರ್ ಮಾರಾ," ಎಂದ. ಮೊದಲು ನೀರು ಬಿಡಬೇಕಂತೆ, ಆಮೇಲೆ ಹಾರೆಯಿಂದ ಕುಟ್ಟಬೇಕಂತೆ. ನನ್ನೊಳಗಿನ ಖರೀದಿ ವಿಭಾಗ ಎದ್ದು ಕೂತಿತು. ಮಾರುವವನು ಮೊದಲು ತೋರಿಸಿದ್ದನ್ನು ಕೊಳ್ಳಬಾರದು, ಮೂರು ಕಡೆ ಕೊಟೇಶನ್ ತೆಗೆಯಬೇಕು ಎಂಬುದು ನಮ್ಮಲ್ಲಿ ವೇದವಾಕ್ಯ. ಮೂರು ವಾರ ಮೂರು ಅಂಗಡಿ ಸುತ್ತಿ ತೂಕ, ಅಲಗು, ಹಿಡಿ ಎಂದು ಪಟ್ಟಿ ಬರೆದೆ. ಸುಮಿತ್ರಾ ಇಣುಕಿ ನೋಡಿ, "ಅಲ್ರೀ, ನನ್ನ ನೋಡ್ಲಿಕ್ಕೆ ಬಂದಾಗೂ ಇಷ್ಟು ವಿಚಾರ ಮಾಡಿದ್ದಿಲ್ಲಲ್ರಿ ನೀವು!" ಎಂದಳು. ನಾನು ಪಟ್ಟಿಯಲ್ಲಿ ಇನ್ನೊಂದು ಗೆರೆ ಎಳೆದೆ.

ಮೊದಲು ತಂದದ್ದು ಹೊಳೆಯುವ ಸಲಿಕೆ. ಅದರ ಮೇಲೆ ಕಾಲಿಟ್ಟು ಪೂರಾ ಭಾರ ಬಿಟ್ಟು ನಿಂತೆ. ನಿಂತೇ ಇದ್ದೆ; ನೆಲ ಜಗ್ಗಲಿಲ್ಲ, ಸಲಿಕೆಯ ಬಾಯಿ ಮಡಚಿತು. ಆಮೇಲೆ ಅಗಲ ಗುದ್ದಲಿ. ಅದು ಠಣ್ಣೆಂದು ಪುಟಿದು ನನ್ನ ಭುಜದ ಕೀಲನ್ನೇ ಅಗೆಯಿತು. ಪಿಕಾಸಿಯನ್ನು ಹಿಡಿ ನುಣುಪಾಗಿದೆಯೆಂದು ಆರಿಸಿದ್ದೆ. ನಾಲ್ಕನೆಯ ಏಟಿಗೆ ಅದರ ತಲೆ ಕಳಚಿ ಪಕ್ಕದ ಮನೆಯ ತುಳಸಿಯ ಬುಡಕ್ಕೆ ಹೋಗಿ ಬಿತ್ತು. ಆ ಮನೆಯ ಮಾವಶಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ಭಾವೂ, ಆಧೀ ಪಾಣೀ ತರೀ ಸೋಡಾ," ಎಂದಳು. ಊರಿಗೆಲ್ಲ ಗೊತ್ತಿದ್ದದ್ದನ್ನು ನಾನೊಬ್ಬನೇ ಒಪ್ಪಿರಲಿಲ್ಲ.

ಆ ಸಂಜೆ ಬೊಬ್ಬೆ ಎದ್ದ ಅಂಗೈ ನೋಡುತ್ತ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಹಿತ್ತಲಿನ ನೆಲದ ಮೇಲಿಟ್ಟ ಡಬ್ಬಿಯಲ್ಲಿ ಸಸಿಯ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಸುಮಿತ್ರಾ ಎಂದಿನಂತೆ ಅಕ್ಕಿ ತೊಳೆದ ನೀರನ್ನು ತುಕ್ಕು ಹಿಡಿದ ಡಬ್ಬಿಗೆ ಹೊಯ್ದಳು; ಅರ್ಧ ನೀರು ತಳದಿಂದ ಸೋರಿಹೋಯಿತು. "ಬಿಡ್ರಿ, ಇದ್ದಷ್ಟು ದಿನ ಡಬ್ಬ್ಯಾಗ ಇರ್ಲಿ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದು ಗುಂಡಿ, ಅದೂ ನನ್ನಿಂದ ಆಗಲಿಲ್ಲವಲ್ಲ ಎಂದು ನಿಜವಾಗಿಯೂ ಅಳು ಬಂತು.

ಮಾನ ಬಿಟ್ಟು ಮತ್ತೆ ಮುದುಕನ ಅಂಗಡಿಗೆ ಹೋಗಿ ಹಾರೆ ತಂದೆ. ಅವನು ನಗಲಿಲ್ಲ; ದೊಡ್ಡ ಮನುಷ್ಯ. ನೀರು ಬಿಟ್ಟೆ, ನೆನೆಸಿದೆ, ಒಂದಿಡೀ ರವಿವಾರ ಕುಟ್ಟಿ ಕೈಯಿಂದಲೇ ಮುರುಮು ಮೊಗೆದು ಹಾಕಿದೆ. ಸಂಜೆಗೆ ಮೊಳ ಆಳದ ಗುಂಡಿ! ಸುಮಿತ್ರಾಳನ್ನು ಕೂಗಿ ಕರೆದು, ಬಗ್ಗಿ ಡಬ್ಬಿ ಎತ್ತಲು ಹೋದೆ. ಬರಲಿಲ್ಲ. ಜಗ್ಗಿದೆ.

"ಏ, ತಡೀರಿ!" ಎಂದು ಅವಳು ಓಡಿಬಂದು ಡಬ್ಬಿಯ ಬುಡ ನೋಡಿದಳು. ತುಕ್ಕು ತಿಂದ ತಳದಿಂದ ಬೇರು ಹೊರಬಿದ್ದು, ಅವಳು ದಿನಾ ಹೊಯ್ದ ನೀರಿಗೆ ಮೆತ್ತಗಾದ ಮುರುಮಿನೊಳಗೆ ಇಳಿದುಬಿಟ್ಟಿತ್ತು. ಮೇಲೆ ನೋಡಿದರೆ ಉಗುರಿನಷ್ಟು ಹೊಸ ಚಿಗುರು. "ತನ್ನ ಜಾಗಾ ತಾನ ನೋಡ್ಕೊಂಡದ್ರಿ ಅದು. ಇನ್ನ ಎಬ್ಬಿಸಬ್ಯಾಡ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ನನ್ನ ಗುಂಡಿಯ ಕಡೆ ತಿರುಗಿ, "ಆ ತೆಗ್ಗು ಮುಚ್ಚಿಬಿಡ್ರಿ, ಯಾರರೆ ಕಾಲಿಟ್ಟು ಬಿದ್ದಾರು," ಎಂದಳು.

ಮುಚ್ಚಬೇಕು, ನಿಜ. ಆದರೆ ಅದಕ್ಕೆ ಹಾರೆ ನಡೆಯುವುದಿಲ್ಲ, ಸಲಿಕೆಯ ಬಾಯಿ ಮಡಚಿದೆ, ಗುದ್ದಲಿ ಎತ್ತಲು ಭುಜ ಒಪ್ಪುವುದಿಲ್ಲ. ಹೊಸ ಸಲಿಕೆಗೆ ಎರಡು ಅಂಗಡಿಗಳಲ್ಲಿ ವಿಚಾರಿಸಿದ್ದೇನೆ. ಮೂರನೆಯದು ರವಿವಾರ ಬಾಗಿಲು ತೆರೆಯುವುದಿಲ್ಲ.